ಬೆಡ್ ನೋಡಿ, ಸ್ಪಿಂಡಲ್ ನೋಡಿ, ಬಣ್ಣ ನೋಡಬೇಡಿ

ಬಡಿಗತನ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮರ ಕಡೆಯುವ ಲೇಥಿನ ಬಗ್ಗೆಯೇ ಇವೆ. ಮರದ ತುಂಡನ್ನು ತಿರುಗಿಸುತ್ತಾ ಉಳಿಯಿಂದ ಗುಂಡಗೆ ಕಡೆಯುವ ಯಂತ್ರವೇ ಲೇಥ್. ನಮ್ಮ ಕಡೆ ಹಳೆಯ ವರ್ಕ್‌ಶಾಪುಗಳು ಮುಚ್ಚುತ್ತಿವೆ, ಅಲ್ಲಿನ ಲೇಥ್‌ಗಳು ಗುಜರಿಗೆ ಹೋಗುತ್ತಿವೆ. ಗುಜರಿಗೆ ಹೋಗುವ ಮುಂಚೆ ಒಬ್ಬ ಬಡಿಗನ ಕೈ ಸೇರಿದರೆ ಅದಕ್ಕಿಂತ ಸಂತೋಷದ ಮಾತು ನನಗಿಲ್ಲ. ಅದಕ್ಕೇ ಮೊದಲ ಪತ್ರಕ್ಕೆ ವಿವರವಾಗಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಕುಕನೂರು ಹತ್ತಿರದ ಹಳ್ಳಿ. ಅಪ್ಪ ಗಾಡಿ, ಬಾಗಿಲು ಮಾಡುತ್ತಿದ್ದರು. ನಾನು ಈಗ ಸ್ವಂತ ಶೆಡ್ ಹಾಕಿದ್ದೇನೆ. ತೊಟ್ಟಿಲ ಕಂಬ, ಮಂಚದ ಕಾಲು, ಲಟ್ಟಣಿಗೆ ಕಡೆಯುವ ಆಸೆ. ಬಳ್ಳಾರಿಯಲ್ಲಿ ಮುಚ್ಚುತ್ತಿರುವ ಒಂದು ವರ್ಕ್‌ಶಾಪಿನಲ್ಲಿ ಎರಕದ ಕಬ್ಬಿಣದ ಹಳೆಯ ಲೇಥ್ ಇದೆ. ಹೆಸರಿನ ಪಟ್ಟಿ ಇಲ್ಲ, ಹೊಸದಾಗಿ ಹಸಿರು ಬಣ್ಣ ಬಳಿದಿದ್ದಾರೆ, ತ್ರೀ ಫೇಸ್ ಮೋಟಾರ್ ಇದೆ. 28 ಸಾವಿರ ಹೇಳುತ್ತಾರೆ. ಅಷ್ಟೇ ರೊಕ್ಕಕ್ಕೆ ಆನ್‌ಲೈನ್‌ನಲ್ಲಿ ಹೊಸ ಸಣ್ಣ ಲೇಥ್ ಸಿಗುತ್ತದೆ. ಯಾವುದು ಕೊಳ್ಳಲಿ? ಹಳೆಯದಾದರೆ ಏನೇನು ನೋಡಬೇಕು?

ಉತ್ತರ: ತಮ್ಮಾ, ಮಂಚದ ಕಾಲು ಕಡೆಯುವುದೇ ನಿನ್ನ ಕೆಲಸವಾದರೆ ಹಳೆಯದನ್ನೇ ನೋಡು. ಆನ್‌ಲೈನ್‌ನ ಸಣ್ಣ ಲೇಥ್‌ಗಳಲ್ಲಿ ಮರದ ತುದಿಗಳನ್ನು ಹಿಡಿಯುವ ಎರಡು ಮೊನೆಗಳ ನಡುವೆ ಸಾಮಾನ್ಯವಾಗಿ ಒಂದೂವರೆ ಅಡಿಯ ಆಸುಪಾಸು ಜಾಗ. ಲಟ್ಟಣಿಗೆ, ಬುಗುರಿಗೆ ಅದು ಸಾಕು. ಎರಡೂವರೆ ಅಡಿಯ ಮಂಚದ ಕಾಲು ಅದರಲ್ಲಿ ಕೂರುವುದೇ ಇಲ್ಲ. ಇನ್ನೊಂದು, ಭಾರ. ಮೂಲೆ ತೆಗೆಯದ ಜಾಲಿ ತುಂಡು ತಿರುಗಿದರೆ ಹಗುರ ಲೇಥ್ ನೆಲದ ಮೇಲೆ ಸರಿದಾಡುತ್ತದೆ. ಎರಕದ ಕಬ್ಬಿಣ ಆ ಅದುರನ್ನು ನುಂಗಿಕೊಳ್ಳುತ್ತದೆ. ನಮ್ಮ ತಂದೆಯವರ ಕಾಲದಲ್ಲಿ ಗಾಡಿ ಗಾಲಿಯ ಗುಂಬವನ್ನು (ನಡುವಿನ ದಿಮ್ಮಿಯನ್ನು) ಕಡೆಯುವಾಗ ಒಬ್ಬರು ಹಗ್ಗ ಎಳೆಯುತ್ತಿದ್ದರು, ಇನ್ನೊಬ್ಬರು ಉಳಿ ಹಿಡಿಯುತ್ತಿದ್ದರು. ಆ ಲೇಥಿನ ಮರದ ಚೌಕಟ್ಟನ್ನು ಸಹ ನೆಲದಲ್ಲಿ ಹೂತು ಗಟ್ಟಿ ಮಾಡುತ್ತಿದ್ದರು. ಅಲುಗದೆ ನಿಲ್ಲುವುದೇ ಲೇಥಿನ ಮೊದಲ ಗುಣ.

ಹಾಗಂತ ಹಳೆಯದೆಲ್ಲ ಒಳ್ಳೆಯದಲ್ಲ. ನಾನು ಹಿಡಿಯುವ ಲೆಕ್ಕ ಇದು: ಪೇಟೆಯಲ್ಲಿ ಸಿಗುವ ಭಾಗ ಕೆಟ್ಟಿದ್ದರೆ ಚಿಂತೆಯಿಲ್ಲ, ಸಿಗದ ಭಾಗ ಕೆಟ್ಟಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಬೆಲ್ಟು, ಬೇರಿಂಗು, ಪುಲ್ಲಿ, ಮೋಟಾರು ಸಿಗುತ್ತವೆ. ಗಂಗಾವತಿಯಲ್ಲಿ ಅಷ್ಟು ಅಕ್ಕಿ ಗಿರಣಿಗಳಿರುವಾಗ ಬೇರಿಂಗು ಬೆಲ್ಟಿಗೆ ಬರವಿಲ್ಲ. ಆದರೆ ಬೆಡ್ (ಎಲ್ಲವನ್ನೂ ಹೊರುವ ಉದ್ದನೆಯ ಅಡಿಪೀಠ), ಹೆಡ್‌ಸ್ಟಾಕ್ (ಒಂದು ತುದಿಯಲ್ಲಿ ಮರವನ್ನು ತಿರುಗಿಸುವ ಭಾಗ), ಟೇಲ್‌ಸ್ಟಾಕ್ (ಇನ್ನೊಂದು ತುದಿಯಲ್ಲಿ ಮರಕ್ಕೆ ಆಸರೆ ಕೊಡುವ ಭಾಗ), ಸ್ಪಿಂಡಲ್ (ಹೆಡ್‌ಸ್ಟಾಕಿನಲ್ಲಿ ತಿರುಗುವ ದಂಡ) ಎಲ್ಲಿಂದ ತರುತ್ತೀಯ? ಅದೂ ಹೆಸರಿನ ಪಟ್ಟಿ ಇಲ್ಲದ ಲೇಥಿಗೆ?

ಹೊಸ ಬಣ್ಣ ಎಂದೊಡನೆ ನನಗೆ ಸಂಶಯ ಬಂತು. ಬಣ್ಣದ ಕೆಳಗೆ ಪುಟ್ಟಿ ಇರುತ್ತದೆ, ಪುಟ್ಟಿಯ ಕೆಳಗೆ ಬಿರುಕು ಇರಬಹುದು. ಹಗಲು ಹೊತ್ತಿನಲ್ಲೇ ಹೋಗು, ಜೊತೆಗೆ ಒಂದು ಟಾರ್ಚ್ ಇರಲಿ. ಹೆಡ್‌ಸ್ಟಾಕ್ ಕೂರಿಸಿದ ಬೋಲ್ಟುಗಳ ಸುತ್ತ, ಟೇಲ್‌ಸ್ಟಾಕ್ ಬಿಗಿಯುವ ಜಾಗ, ಕಾಲುಗಳ ಬುಡ, ಉಳಿ ಇಡುವ ಟೂಲ್ ರೆಸ್ಟಿನ ಕುತ್ತಿಗೆ, ಈ ನಾಲ್ಕು ಕಡೆ ಬಿರುಕು ಹುಡುಕು. ಸಣ್ಣ ಸ್ಪ್ಯಾನರಿನಿಂದ ಬೆಡ್ಡಿಗೆ ಮೆಲ್ಲಗೆ ಬಡಿ. ಗಟ್ಟಿ ಎರಕ ಠಣ್ ಎನ್ನುತ್ತದೆ, ಸೀಳಿದ್ದು ಬೊದ್ದೆನ್ನುತ್ತದೆ. ಎರಕಕ್ಕೆ ವೆಲ್ಡಿಂಗ್ ಮಾಡಿಸಬಹುದು ಎಂದು ಯಾರಾದರೂ ಹೇಳುತ್ತಾರೆ. ಅದಕ್ಕೆ ನಿಕಲ್ ರಾಡ್ ಬೇಕು, ಕಬ್ಬಿಣವನ್ನು ಮೊದಲು ಕಾಯಿಸಬೇಕು, ನಿಧಾನವಾಗಿ ಆರಿಸಬೇಕು. ಅಷ್ಟು ತಾಳ್ಮೆಯಿಂದ ಮಾಡುವವರು ಕಡಿಮೆ. ಬಿರುಕು ಕಂಡರೆ ಅಲ್ಲಿಗೆ ಮಾತು ಮುಗಿಸಿ ಬಸ್ ಹತ್ತು.

ಬೆಡ್ಡಿನ ಮೇಲಿನ ತುಕ್ಕಿಗೆ ಮಾತ್ರ ಹೆದರಬೇಡ. ಸೀಮೆಎಣ್ಣೆ, ಎಮರಿ ಪೇಪರ್, ಅರ್ಧ ದಿನದ ಕೆಲಸ. ಕಬ್ಬಿಣ ಕಡೆಯುವ ಲೇಥಿನಲ್ಲಿ ಬೆಡ್ ಸವೆದರೆ ಅಳತೆ ತಪ್ಪುತ್ತದೆ, ಏಕೆಂದರೆ ಅಲ್ಲಿ ಉಳಿ ಬೆಡ್ಡಿನ ಮೇಲೇ ಓಡುತ್ತದೆ. ಮರದ ಲೇಥಿನಲ್ಲಿ ಉಳಿ ನಿನ್ನ ಕೈಯಲ್ಲಿದೆ. ಟೂಲ್ ರೆಸ್ಟ್, ಟೇಲ್‌ಸ್ಟಾಕ್ ಸರಾಗವಾಗಿ ಸರಿದು ಬಿಗಿಯಾಗಿ ನಿಂತರೆ ಸಾಕು.

ಮುಂದೆ ಸ್ಪಿಂಡಲ್. ಇಲ್ಲಿ ಸಮಯ ತಗೋ. ಬೆಲ್ಟ್ ಕಳಚಿ ಕೈಯಿಂದ ತಿರುಗಿಸು. ಬೇರಿಂಗಿನ ಗರಗರ ಬೆರಳಿಗೇ ತಿಳಿಯುತ್ತದೆ. ಆಮೇಲೆ ಒಂದು ಮರದ ತುಂಡನ್ನು ಸ್ಪಿಂಡಲಿನ ಕೆಳಗೆ ಕೊಟ್ಟು ಮೇಲಕ್ಕೆ ಮೀಟು. ಟಕ್ ಟಕ್ ಎಂದು ಆಡಿದರೆ ಬೇರಿಂಗ್ ಅಥವಾ ಬುಷ್ (ಸ್ಪಿಂಡಲ್ ಕೂರುವ ಲೋಹದ ಬಳೆ) ಸವೆದಿದೆ. ಬಾಲ್ ಬೇರಿಂಗ್ ಆಗಿದ್ದರೆ ಅದರ ಮೇಲೆ 6205, 6206 ಎಂಬಂಥ ನಂಬರ್ ಇರುತ್ತದೆ. 6205 ಅಂದರೆ 25 ಮಿ.ಮೀ. ತೂತು, 6206 ಅಂದರೆ 30 ಮಿ.ಮೀ. ಆ ನಂಬರ್ ಹೇಳಿದರೆ ಅಂಗಡಿಯವರು ಹೊಸದು ಕೊಡುತ್ತಾರೆ. ಇನ್ನೂ ಹಳೆಯ ಲೇಥುಗಳಲ್ಲಿ ಗನ್‌ಮೆಟಲ್ ಬುಷ್ ಇರುತ್ತದೆ, ಮೇಲೆ ಎಣ್ಣೆ ಬಿಡುವ ತೂತು ಅಥವಾ ಬಟ್ಟಲು ಇರುತ್ತದೆ. ಅದನ್ನೂ ಕಬ್ಬಿಣ ಕಡೆಯುವ ಲೇಥ್ ಅಂಗಡಿಯಲ್ಲಿ ಹೊಸದಾಗಿ ಕಡೆಸಬಹುದು. ಆದರೆ ಬುಷ್ ಇರುವ ಲೇಥಿಗೆ ದಿನಾ ಎಣ್ಣೆ ಬಿಡಬೇಕು, ಎಣ್ಣೆಯ ತೂತಿಗೆ ಗ್ರೀಸ್ ತುಂಬಬಾರದು, ಜೋರು ವೇಗದಲ್ಲಿ ಬಹಳ ಹೊತ್ತು ಓಡಿಸಬಾರದು. ಸ್ಪಿಂಡಲ್ಲೇ ಬಾಗಿದ್ದರೆ ಬೇಡ. ಅದನ್ನು ನೋಡುವುದು ಸುಲಭ: ಟೂಲ್ ರೆಸ್ಟಿನ ಮೇಲೆ ಒಂದು ಮೊಳೆ ಇಟ್ಟು ಅದರ ತುದಿಯನ್ನು ಸ್ಪಿಂಡಲಿಗೆ ಕೂದಲೆಳೆ ದೂರದಲ್ಲಿ ಹಿಡಿ, ಕೈಯಿಂದ ನಿಧಾನ ತಿರುಗಿಸು. ಸಂದು ಹೆಚ್ಚು ಕಡಿಮೆಯಾದರೆ ಓರೆಯಿದೆ.

ಸ್ಪಿಂಡಲಿನ ಮೂತಿಯ ಮರೆಯ (ಸ್ಕ್ರೂ ಮೇಲಿರುವಂಥ ಸುತ್ತು ಗೆರೆಗಳ) ಅಳತೆ ಬರೆದುಕೊಂಡು ಬಾ. ಮುಂದೆ ಮರ ಹಿಡಿಯುವ ಚಕ್ ಕೊಳ್ಳುವಾಗ ಅದು ಬೇಕು. ಒಂದಿಂಚು ವ್ಯಾಸಕ್ಕೆ ಇಂಚಿಗೆ 8 ಮರೆ ಇದ್ದರೆ ಅದೃಷ್ಟ, ಸಾಮಾನು ಸುಲಭವಾಗಿ ಸಿಗುತ್ತದೆ. ಬೇರೆ ಏನಾದರೂ ಇದ್ದರೆ ಅದಕ್ಕೊಂದು ಅಡಾಪ್ಟರ್ ಮಾಡಿಸಬೇಕಾದೀತು. ಒಳಗಿನ ತೂತು ಶಂಕುವಿನಂತೆ ಕಿರಿದಾಗುತ್ತಾ ಹೋಗುತ್ತದೆ, ಅದಕ್ಕೆ ಮೋರ್ಸ್ ಟೇಪರ್ ಎನ್ನುತ್ತಾರೆ. ಬಾಯಿಯ ಅಳತೆ 17.8 ಮಿ.ಮೀ. ಹತ್ತಿರ ಇದ್ದರೆ 2ನೇ ನಂಬರ್, 12 ಮಿ.ಮೀ. ಹತ್ತಿರ ಇದ್ದರೆ 1ನೇ ನಂಬರ್. 2ನೇ ನಂಬರ್ ಇದ್ದರೆ ಬಹಳ ಒಳ್ಳೆಯದು. ಲೇಥ್ ನಿಂತಿರುವಾಗ ಬೆರಳು ಹಾಕಿ ಒಳಗೆ ಗೀರು ಬಿದ್ದಿದೆಯಾ ನೋಡು. ಫೇಸ್‌ಪ್ಲೇಟ್ (ಮರವನ್ನು ಬಿಗಿಯುವ ಲೋಹದ ತಟ್ಟೆ), ಮೊನೆಗಳು, ಟೂಲ್ ರೆಸ್ಟುಗಳು ಎಷ್ಟಿವೆಯೋ ಅಷ್ಟನ್ನೂ ಕೇಳಿ ಪಡೆ. ಮೂಲೆಯಲ್ಲಿ ಬಿದ್ದ ತುಕ್ಕು ಡಬ್ಬಿಯಲ್ಲಿ ಹುಡುಕಿದರೆ ಇನ್ನೂ ಸಿಗುತ್ತವೆ.

ಟೇಲ್‌ಸ್ಟಾಕನ್ನು ಹೆಡ್‌ಸ್ಟಾಕಿನ ಹತ್ತಿರ ತಂದು ಎರಡು ಮೊನೆ ಎದುರಾಎದುರು ಕೂಡಿಸು. ಮೊನೆಗೆ ಮೊನೆ ಸೇರಬೇಕು. ಟೇಲ್‌ಸ್ಟಾಕ್ ತುಸು ತಗ್ಗಿದ್ದರೆ ತಗಡು ಕೊಟ್ಟು ಎತ್ತಬಹುದು. ಮಂಚದ ಕಾಲಿಗೆ ಸ್ವಲ್ಪ ವ್ಯತ್ಯಾಸ ನಡೆಯುತ್ತದೆ, ತೂತು ಕೊರೆಯುವ ಕೆಲಸಕ್ಕೆ ನಡೆಯುವುದಿಲ್ಲ.

ಇಷ್ಟೆಲ್ಲ ಸರಿ ಇದ್ದರೆ ಓಡಿಸಿ ನೋಡು. ಇಪ್ಪತ್ತು ನಿಮಿಷ ಓಡಲಿ. ಹೆಡ್‌ಸ್ಟಾಕ್ ಬೆಚ್ಚಗಾಗುವುದು ಸಹಜ. ಕೈ ಇಡಲಾಗದಷ್ಟು ಸುಟ್ಟರೆ ಬೇರಿಂಗಿನ ಖರ್ಚು ಬಂತೆಂದು ತಿಳಿ, ಅಷ್ಟು ಬೆಲೆ ಇಳಿಸು. ಕರೆಂಟ್ ಕಟ್ ಆಗಿದೆ, ಓಡಿಸಿ ತೋರಿಸಲಾಗದು ಎಂದರೆ ಇನ್ನೊಂದು ದಿನ ಹೋಗು.

ಇನ್ನು ಮೋಟಾರು. ನಿನ್ನ ಶೆಡ್ಡಿನಲ್ಲಿ ಸಿಂಗಲ್ ಫೇಸ್ ಇದೆ ಎಂದುಕೊಳ್ಳುತ್ತೇನೆ. ಸರಳ ದಾರಿ, ನಿಮಿಷಕ್ಕೆ 1440 ಸುತ್ತಿನ ಒಂದು ಎಚ್.ಪಿ. ಸಿಂಗಲ್ ಫೇಸ್ ಮೋಟಾರ್ ಹಾಕಿ ಇದ್ದ ಮೋಟಾರನ್ನು ಮಾರಿಬಿಡುವುದು. ಇನ್ನೊಂದು ದಾರಿ ವಿ.ಎಫ್.ಡಿ. ಎಂಬ ಪೆಟ್ಟಿಗೆ. ಅದು 230 ವೋಲ್ಟಿನ ಸಿಂಗಲ್ ಫೇಸ್ ತೆಗೆದುಕೊಂಡು 230 ವೋಲ್ಟಿನ ತ್ರೀ ಫೇಸ್ ಕೊಡುತ್ತದೆ, ವೇಗವನ್ನು ಗುಂಡಿ ತಿರುಗಿಸಿ ಏರಿಸಬಹುದು, ಇಳಿಸಬಹುದು. ಆದರೆ ಮೋಟಾರಿನ ಟರ್ಮಿನಲ್ ಪೆಟ್ಟಿಗೆಯಲ್ಲಿ ಆರು ತುದಿಗಳಿದ್ದು, ಈಗ 415 ವೋಲ್ಟಿಗೆ ಸ್ಟಾರ್ ಎಂಬ ಜೋಡಣೆಯಲ್ಲಿದ್ದರೆ ಮಾತ್ರ ಅದನ್ನು ಡೆಲ್ಟಾ ಎಂಬ ಇನ್ನೊಂದು ಜೋಡಣೆಗೆ ಬದಲಿಸಿ ಓಡಿಸಬಹುದು. ಮೂರೇ ತುದಿ ಹೊರಗೆ ಬಂದಿದ್ದರೆ ವೈಂಡಿಂಗ್ ಮಾಡುವವರ ಹತ್ತಿರ ಕೇಳಬೇಕು. ತ್ರೀ ಫೇಸೇ ಬೇಕೆಂದರೆ ಜೆಸ್ಕಾಂನಲ್ಲಿ ಶೆಡ್ಡಿನ ಹೆಸರಿಗೆ ಸಂಪರ್ಕ ಪಡೆ. ಹೊಲದ ಪಂಪ್‌ಸೆಟ್ ಸಂಪರ್ಕದಿಂದ ವೈರ್ ಎಳೆಯಬೇಡ. ಅದು ಕಾನೂನಿಗೆ ವಿರುದ್ಧ, ಹೊಲದ ಕರೆಂಟು ನಿನ್ನ ಕೆಲಸದ ಹೊತ್ತಿಗೆ ಬರುವುದೂ ಇಲ್ಲ.

ತ್ರೀ ಫೇಸಿನಲ್ಲಿ ಒಂದು ಅಪಾಯವಿದೆ, ಇದನ್ನು ಯಾರೂ ಹೇಳುವುದಿಲ್ಲ. ಎರಡು ವೈರ್ ಅದಲು ಬದಲಾದರೆ ಮೋಟಾರ್ ಉಲ್ಟಾ ತಿರುಗುತ್ತದೆ. ಆಗ ಮರೆಯಿಂದ ಕೂರಿಸಿದ ಫೇಸ್‌ಪ್ಲೇಟ್ ತಾನೇ ಬಿಚ್ಚಿಕೊಂಡು ಮರದ ಸಮೇತ ಹಾರುತ್ತದೆ. ವೈರ್ ಮುಟ್ಟಿದಾಗೆಲ್ಲ ಖಾಲಿ ಸ್ಪಿಂಡಲ್ ಓಡಿಸಿ ನೋಡು: ನೀನು ನಿಂತ ಕಡೆಯಿಂದ ನೋಡಿದರೆ ಮರ ಮೇಲಿನಿಂದ ನಿನ್ನತ್ತ ಇಳಿದು ಬರಬೇಕು.

ಸ್ವಿಚ್ಚಿನ ಜಾಗದಲ್ಲಿ ಪಂಪ್‌ಸೆಟ್ಟಿಗೆ ಹಾಕುವಂಥ ಹಸಿರು ಕೆಂಪು ಗುಂಡಿಯ ಸ್ಟಾರ್ಟರ್ ಹಾಕು. ಅದರೊಳಗಿನ ನೋ ವೋಲ್ಟ್ ಕಾಯಿಲ್‌ನಿಂದಾಗಿ ಕರೆಂಟ್ ಹೋದರೆ ಲೇಥ್ ನಿಲ್ಲುತ್ತದೆ, ಕರೆಂಟ್ ಬಂದಾಗ ತಾನಾಗಿ ಶುರುವಾಗುವುದಿಲ್ಲ. ಹೊಲದಲ್ಲಿ ರೈತರು ಹಾಕಿಕೊಳ್ಳುವ ಆಟೋ ಸ್ಟಾರ್ಟರ್ ಇದೆಯಲ್ಲ, ಅದನ್ನು ಲೇಥಿನ ಹತ್ತಿರಕ್ಕೂ ತರಬೇಡ. ಕರೆಂಟ್ ಹೋಗಿದೆ ಎಂದು ನೀನು ಮರಕ್ಕೆ ಕೈಹಾಕಿದ ಹೊತ್ತಿನಲ್ಲೇ ಅದು ಶುರುವಾದೀತು. ನಮ್ಮ ಊರುಗಳಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತದೆ ಎಂದು ನಿನಗೆ ಗೊತ್ತೇ ಇದೆ. ಅರ್ತಿಂಗ್ ಕೊಡುವುದನ್ನು ಮರೆಯಬೇಡ.

ವೇಗದ ಲೆಕ್ಕ ಸುಲಭ. ಮೋಟಾರಿನ 1440ನ್ನು ಮೋಟಾರ್ ಪುಲ್ಲಿಯ ವ್ಯಾಸದಿಂದ ಗುಣಿಸಿ ಸ್ಪಿಂಡಲ್ ಪುಲ್ಲಿಯ ವ್ಯಾಸದಿಂದ ಭಾಗಿಸು. ಮೂರಿಂಚಿನಿಂದ ಆರಿಂಚಿಗೆ ಬೆಲ್ಟ್ ಇದ್ದರೆ 720 ಸುತ್ತು. ಸಮ ಇದ್ದರೆ 1440. ಕಡೆಯುವವರು ಹಿಡಿಯುವ ಸಾಮಾನ್ಯ ಲೆಕ್ಕ, ಮರದ ವ್ಯಾಸದ ಇಂಚು ಮತ್ತು ಸುತ್ತು ಗುಣಿಸಿದರೆ 6000ದಿಂದ 9000ದ ಒಳಗೆ ಬರಬೇಕು. ಮೂರಿಂಚಿನ ಕಾಲಿಗೆ 2000 ಸುತ್ತು ಆದೀತು, ಹತ್ತಿಂಚಿನ ಬಟ್ಟಲಿಗೆ 600ರಿಂದ 900. ಆದರೆ ಮೂಲೆ ಇರುವ ತುಂಡು ಯಾವುದೇ ಇರಲಿ, ಗುಂಡಗಾಗುವ ತನಕ ಕಡಿಮೆ ವೇಗದ ಪುಲ್ಲಿಯೇ ಸರಿ. ಶುರು ಮಾಡುವ ಮುಂಚೆ ಕೈಯಿಂದ ಒಂದು ಪೂರಾ ಸುತ್ತು ತಿರುಗಿಸಿ, ಟೂಲ್ ರೆಸ್ಟಿಗೆ ಬಡಿಯುವುದಿಲ್ಲ ಎಂದು ಖಾತ್ರಿ ಮಾಡಿಕೋ.

ಬೆಲೆಯ ವಿಷಯ. ಇದ್ದ ರೊಕ್ಕವನ್ನೆಲ್ಲ ಲೇಥಿಗೆ ಸುರಿಯಬೇಡ, ಮೂರರಲ್ಲಿ ಒಂದು ಪಾಲು ಉಳಿಗಳಿಗೆ, ಗ್ರೈಂಡರಿಗೆ ಎತ್ತಿಡು. ಮೋಟಾರ್ ಬದಲಿಸಬೇಕಾದ್ದರಿಂದ 28 ಸಾವಿರ ನನಗೆ ಹೆಚ್ಚು ಅನ್ನಿಸುತ್ತದೆ, ಚೌಕಾಸಿ ಮಾಡು. ಹಳೆಯ ಫೈಲನ್ನು ತಿಕ್ಕಿ ಮಾಡಿದ ಉಳಿಯನ್ನು ಲೇಥಿನ ಜೊತೆ ಕೊಟ್ಟರೆ ಬಳಸಬೇಡ. ಫೈಲಿನ ಉಕ್ಕು ಪೆಡಸು, ಮರ ಕಚ್ಚಿದಾಗ ಪಟ್ಟನೆ ಮುರಿದು ಮುಖಕ್ಕೆ ಬರುತ್ತದೆ. ಹೈ ಸ್ಪೀಡ್ ಸ್ಟೀಲಿನ ಒಂದು ಅಗಲ ಗೌಜ್ (ದೋಣಿಯಂತೆ ಬಾಗಿದ ಉಳಿ), ಒಂದು ಸಣ್ಣ ಗೌಜ್, ಒಂದು ಓರೆ ಉಳಿ, ತುಂಡರಿಸಲು ಒಂದು ಪಾರ್ಟಿಂಗ್ ಉಳಿ, ಇಷ್ಟಿದ್ದರೆ ತೊಟ್ಟಿಲೂ ಆಗುತ್ತದೆ, ಮಂಚವೂ ಆಗುತ್ತದೆ. ಕಮ್ಮಾರರ ಹತ್ತಿರ ಮಾಡಿಸಿದ ಕಾರ್ಬನ್ ಉಕ್ಕಿನ ಉಳಿಯಾದರೆ ಗ್ರೈಂಡರಿನಲ್ಲಿ ಹಿಡಿಯುವಾಗ ಪದೇ ಪದೇ ನೀರಿಗೆ ಅದ್ದು. ಬಾಯಿ ನೀಲಿಯಾದರೆ ಹದ ಹೋಯಿತು.

ತರುವಾಗ ಮೋಟಾರ್, ಹೆಡ್‌ಸ್ಟಾಕ್ ಬಿಚ್ಚಿ ತಾ, ಸ್ಪಿಂಡಲಿಗೆ ಹಗ್ಗ ಕಟ್ಟಿ ಎತ್ತಬೇಡಿ. ನಿಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಮೇಲಿನ ನೆಲವೂ ಅದರ ಜೊತೆ ಏರಿಳಿಯುತ್ತದೆ. ಲೇಥಿನ ಕೆಳಗೆ ಎರೆಮಣ್ಣು ತೆಗೆದು ಗರಸು ತುಂಬಿ ದಪ್ಪ ಕಾಂಕ್ರೀಟ್ ಹಾಕು. ಮಳೆ ಶುರುವಾದಾಗ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಮಟ್ಟಗೋಲು ಇಟ್ಟು ನೋಡಿ ಲೇಥಿನ ಕಾಲಿನ ಕೆಳಗಿನ ತಗಡು ಸರಿಮಾಡು.

ಪ್ರಶ್ನೆ: ನಾನು ಸಿಂಧನೂರಿನಲ್ಲಿ ಶಾಲಾ ಶಿಕ್ಷಕಿ. ಸಂಬಂಧಿಕರ ಹಳೆಯ ಸಣ್ಣ ಲೇಥ್ ತಂದುಕೊಂಡು ರಜೆಯಲ್ಲಿ ಕಲಿಯುತ್ತಿದ್ದೇನೆ. ಉಳಿ ಇದ್ದಕ್ಕಿದ್ದಂತೆ ಮರದೊಳಗೆ ಕಚ್ಚಿಕೊಂಡು ಕೈ ಝಾಡಿಸುತ್ತದೆ, ಭಯವಾಗುತ್ತದೆ. ಲೇಥಿನ ದೋಷವೇ? ಚನ್ನಪಟ್ಟಣದ ಗೊಂಬೆಗಳಂಥ ಹೊಳಪು ಮನೆಯಲ್ಲಿ ಬರಿಸಬಹುದೇ?

ಉತ್ತರ: ಅಕ್ಕೋರೇ, ಲೇಥನ್ನು ದೂರಬೇಡಿ, ಕೈಬಿಡಲೂಬೇಡಿ. ಕಚ್ಚುವುದಕ್ಕೆ ಸಾಮಾನ್ಯ ಕಾರಣ, ಉಳಿಯ ಬಾಯಿ ಮೊದಲು ಮರಕ್ಕೆ ತಾಗುವುದು. ಮೊದಲು ತಾಗಬೇಕಾದದ್ದು ಬಾಯಿಯ ಹಿಂದಿನ ಇಳಿಜಾರು. ಅದನ್ನು ತಿರುಗುವ ಮರದ ಮೇಲೆ ಒರಗಿಸಿ, ಏನೂ ಕತ್ತರಿಸದೆ ಸುಮ್ಮನೆ ಉಜ್ಜಲು ಬಿಡಿ. ಆಮೇಲೆ ಹಿಡಿಕೆಯನ್ನು ನಿಧಾನ ಮೇಲೆತ್ತಿದರೆ ಬಾಯಿ ತಾನಾಗಿ ಕತ್ತರಿಸತೊಡಗುತ್ತದೆ, ಸೌತೆಕಾಯಿ ಸಿಪ್ಪೆಯಂತೆ ಸುರುಳಿ ಬರುತ್ತದೆ. ಕಂಬದ ಕೆಲಸದಲ್ಲಿ ಯಾವಾಗಲೂ ದಪ್ಪದಿಂದ ಸಣ್ಣದರ ಕಡೆಗೆ ಇಳಿಯಿರಿ, ತಗ್ಗಿನಿಂದ ಮೇಲಕ್ಕೆ ಏರಬೇಡಿ. ಟೂಲ್ ರೆಸ್ಟ್ ಮರಕ್ಕೆ ಒಂದು ಕಿರುಬೆರಳಿನ ದಪ್ಪದ ಅರ್ಧದಷ್ಟು ಹತ್ತಿರವಿರಲಿ. ಮರ ಸಣ್ಣದಾಗುತ್ತಾ ಹೋದಂತೆ ಲೇಥ್ ನಿಲ್ಲಿಸಿ ಅದನ್ನೂ ಮುಂದೆ ಸರಿಸಿ. ಈ ಸಂದು ದೊಡ್ಡದಾದಷ್ಟೂ ಉಳಿಯನ್ನು ಕೆಳಕ್ಕೆ ಎಳೆಯುವ ಬಲ ಹೆಚ್ಚು. ಕಲಿಯಲು ಹಸಿ ಬೇವಿನ ಕೊಂಬೆ ಚೆನ್ನ, ಮೃದುವಾಗಿ ಸುಲಿಯುತ್ತದೆ.

ಸೀರೆಯುಟ್ಟು ಲೇಥಿನ ಮುಂದೆ ನಿಲ್ಲಬೇಡಿ. ಚೂಡಿದಾರವಾದರೆ ದುಪಟ್ಟಾ ತೆಗೆದಿಡಿ. ಬಳೆ, ಉಂಗುರ ಬೇಡ, ತಾಳಿ ಉಡುಪಿನೊಳಗೆ ಇರಲಿ, ಜಡೆ ಮೇಲೆ ಕಟ್ಟಿ. ಕೈಗವಸು ಹಾಕಿಕೊಳ್ಳುವುದೇ ಅಪಾಯ, ತಿರುಗುವ ಮರ ಅದನ್ನು ಕೈಸಮೇತ ಎಳೆಯುತ್ತದೆ. ಮುಖಕ್ಕೆ ಪಾರದರ್ಶಕ ಕವಚ, ಮೂಗಿಗೆ ಮಾಸ್ಕ್ ಕಡ್ಡಾಯ.

ಚನ್ನಪಟ್ಟಣದ ಹೊಳಪು ಮನೆಯಲ್ಲೂ ಬರುತ್ತದೆ. ಅವರು ಬಳಸುವುದು ಹಾಲೆ ಮರ, ಬೆಳ್ಳಗೆ ನುಣ್ಣಗೆ ಇರುತ್ತದೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಗೊಂಬೆಗೆ ಒತ್ತುತ್ತಾರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮೆತ್ತುತ್ತದೆ. ಆಮೇಲೆ ತಾಳೆಗರಿ ಒತ್ತಿ ಹಿಡಿದು ಹರಡಿಸಿ ಹೊಳಪು ತರುತ್ತಾರೆ. ಮರ ಚೆನ್ನಾಗಿ ಒಣಗಿರಬೇಕು, ಮೇಲ್ಮೈ ನುಣುಪಾಗಿರಬೇಕು. ಮಕ್ಕಳ ಆಟಿಕೆಗೆ ಹಾಕುವ ಬಣ್ಣ ಮಕ್ಕಳ ಬಾಯಿಗೆ ಹೋದರೂ ಹಾನಿಯಾಗದಂಥದ್ದೇ ಇರಲಿ.

ಪ್ರಶ್ನೆ: ಕಿನ್ನಾಳ ಗೊಂಬೆಗಳ ಕೆಲಸಕ್ಕೆ ಲೇಥ್ ಉಪಯೋಗಕ್ಕೆ ಬರುತ್ತದೆಯೇ? (ಕೊಪ್ಪಳದ ಓದುಗರು)

ಉತ್ತರ: ಕಿನ್ನಾಳದ ಚಿತ್ರಗಾರರ ಕೆಲಸ ಉಳಿಯಿಂದ ಕೆತ್ತುವುದು. ಹಗುರ ಮರದಲ್ಲಿ ಭಾಗಗಳನ್ನು ಕೆತ್ತಿ ಜೋಡಿಸಿ, ಮೆತ್ತಿ, ಮೇಲೆ ಬಣ್ಣ ಬರೆಯುತ್ತಾರೆ. ಅಲ್ಲಿ ಲೇಥಿಗೆ ಜಾಗವಿಲ್ಲ. ಆ ಕಸುಬು ಕಲಿಯಬೇಕೆಂದಿದ್ದರೆ ಲೇಥ್ ಕೊಳ್ಳಬೇಡಿ, ಕಿನ್ನಾಳಕ್ಕೇ ಹೋಗಿ ಅವರ ಬಳಿ ಕೂತು ಕಲಿಯಿರಿ. ನಿಮ್ಮ ಊರಿನಿಂದ ಹತ್ತಿರವೇ ಇದೆ.

ಪ್ರಶ್ನೆ: ಹೊಲದ ಬದುವಿನಲ್ಲಿ ಬಳ್ಳಾರಿ ಜಾಲಿ ಬೇಕಾದಷ್ಟಿದೆ, ಇದ್ದಲಿಗೆ ಸುಡುತ್ತಾರೆ. ಲೇಥಿನಲ್ಲಿ ಕಡೆಯಲು ಬರುತ್ತದೆಯೇ? ಲಟ್ಟಣಿಗೆಗೆ ಯಾವ ಪಾಲಿಶ್? (ಸಿರುಗುಪ್ಪದ ರೈತರು)

ಉತ್ತರ: ಯಜಮಾನರೇ, ಈ ಪ್ರಶ್ನೆಗೆ ನಾನು ಬಹಳ ದಿನದಿಂದ ಕಾದಿದ್ದೆ. ಖಂಡಿತ ಬರುತ್ತದೆ. ಈ ಗಿಡ ಅಮೆರಿಕ ಖಂಡದಿಂದ ಬಂದದ್ದು. ಇದರ ಹತ್ತಿರದ ಜಾತಿಗಳನ್ನು ಅಲ್ಲಿ ಮೆಸ್ಕೀಟ್ ಎಂದು ಕರೆದು ಬಟ್ಟಲು, ಪೀಠೋಪಕರಣ ಮಾಡಲು ಬಹಳ ಬೆಲೆಕೊಟ್ಟು ಕೊಳ್ಳುತ್ತಾರೆ. ನಾವು ಒಲೆಗೆ ಹಾಕುತ್ತೇವೆ. ಒಳಗಿನ ಚೇಗು ಕಂದು ಬಣ್ಣ, ಗಟ್ಟಿ, ಭಾರ. ಎಲ್ಲಕ್ಕಿಂತ ಮುಖ್ಯ ಗುಣ, ಒಣಗುವಾಗ ಇದು ಬಹಳ ಕಡಿಮೆ ಕುಗ್ಗುತ್ತದೆ. ನಮ್ಮ ಬೇಸಿಗೆಯಲ್ಲಿ ಬೇರೆ ಮರ ಸೊಟ್ಟಗಾದರೂ ಇದು ಆಕಾರ ಬಿಡುವುದಿಲ್ಲ.

ತೊಂದರೆಗಳೂ ಇವೆ. ನೆಟ್ಟನೆಯ ದಪ್ಪ ತುಂಡು ಸಿಗುವುದು ಕಷ್ಟ, ಹಳೆಯ ಗಿಡದ ಬುಡ ನೋಡಬೇಕು. ಹೊರಗಿನ ಹಳದಿ ಬೆಳಿಗೆ ಹುಳು ಬೇಗ ಹತ್ತುತ್ತದೆ, ಅದನ್ನು ತೆಗೆದು ಚೇಗು ಮಾತ್ರ ಬಳಸಿ. ಉಳಿ ಬೇಗ ಮೊಂಡಾಗುತ್ತದೆ. ಧೂಳು ಕೆಲವರಿಗೆ ಮೂಗು, ಚರ್ಮ ಕೆರೆಸುತ್ತದೆ. ಕಡಿದ ದಿನವೇ ಎರಡು ತುದಿಗೂ ಮೇಣ ಅಥವಾ ಹಳೆಯ ಬಣ್ಣ ಬಳಿದು, ಗೋಣಿಚೀಲ ಸುತ್ತಿ ನೆರಳಿನ ಕೋಣೆಯಲ್ಲಿಡಿ. ಏಪ್ರಿಲ್ ಬಿಸಿಲಿಗೆ ಬಿಟ್ಟರೆ ಸಂಜೆಯೊಳಗೆ ತುದಿ ಸೀಳುತ್ತದೆ. ಬಟ್ಟಲು ಮಾಡುವುದಾದರೆ ಹಸಿ ಇದ್ದಾಗಲೇ ದಪ್ಪ ಬಿಟ್ಟು ಒರಟಾಗಿ ಕಡೆದಿಟ್ಟು, ಕೆಲವು ತಿಂಗಳು ಒಣಗಿಸಿ, ಆಮೇಲೆ ಕೊನೆಯ ಕೈ ಕೊಡಿ.

ಲಟ್ಟಣಿಗೆಗೆ ವಾರ್ನಿಶ್ ಬೇಡ, ಶೇಂಗಾ ಎಣ್ಣೆಯೂ ಬೇಡ. ಶೇಂಗಾ ಎಣ್ಣೆ ಮರದೊಳಗೆ ಒಣಗುವುದಿಲ್ಲ, ಜಿಡ್ಡಾಗಿ ಕಮಟು ವಾಸನೆ ಬರುತ್ತದೆ. ಗಾಣದ ಅಗಸೆ ಎಣ್ಣೆ ತಗೊಳ್ಳಿ, ಅದು ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ. ತೆಳುವಾಗಿ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ, ಒಂದು ವಾರ ಬಿಟ್ಟು ಇನ್ನೊಮ್ಮೆ ಹಚ್ಚಿ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ. ಹೊಟ್ಟು ತುಂಬಿದ ಶೆಡ್ಡಿನಲ್ಲಿ ಅದೊಂದೇ ಸಾಕು. ಬಟ್ಟೆಯನ್ನು ನೀರಿನ ಬಕೆಟ್ಟಿಗೆ ಹಾಕಿ, ಇಲ್ಲವೇ ಹೊರಗೆ ತಂತಿಯ ಮೇಲೆ ಬಿಡಿಸಿ ಒಣಗಲು ಹಾಕಿ.

ಪ್ರಶ್ನೆ: ಗ್ಯಾರೇಜಿನವರು ಕಬ್ಬಿಣ ಕಡೆಯುವ ಹಳೆಯ ಲೇಥ್ ಅಗ್ಗಕ್ಕೆ ಕೊಡುತ್ತಾರೆ. ಮರಕ್ಕೂ ನಡೆಯುತ್ತದೆಯೇ? (ಲಿಂಗಸುಗೂರಿನ ಓದುಗರು)

ಉತ್ತರ: ನಡೆಯುತ್ತದೆ, ಆದರೆ ನಾನು ಕೊಳ್ಳುವುದಿಲ್ಲ. ಕೈ ಉಳಿ ಇಡಲು ಟೂಲ್ ರೆಸ್ಟ್ ಇರುವುದಿಲ್ಲ, ಮಾಡಿಸಬೇಕು. ಹಳೆಯವುಗಳ ವೇಗ ಸಣ್ಣ ಮರದ ಕೆಲಸಕ್ಕೆ ಸಾಲುವುದಿಲ್ಲ. ಬೆಡ್ಡಿನ ಎಣ್ಣೆಗೆ ಮರದ ಧೂಳು ಕೂಡಿ ಮೆತ್ತಿಕೊಳ್ಳುತ್ತದೆ, ತೇವ ಹಿಡಿದು ತುಕ್ಕಾಗುತ್ತದೆ. ಬುಷ್, ಅಡಾಪ್ಟರ್, ಫೇಸ್‌ಪ್ಲೇಟ್ ಮಾಡಿಸಲು ಅಂಥ ಲೇಥ್ ಊರಿನಲ್ಲಿ ಬೇಕೇ ಬೇಕು. ಅದು ಗ್ಯಾರೇಜಿನಲ್ಲೇ ಇರಲಿ, ನೀವು ಮರದ ಲೇಥನ್ನೇ ಹುಡುಕಿ.